ಗಾಜಿನ ಕೆಳಗಿನ ದರಪಟ್ಟಿ

ಮೊಣಕಾಲಿಗೆ ಹಚ್ಚುವ ಮುಲಾಮು ಕೊಳ್ಳಲು ಔಷಧಿ ಅಂಗಡಿಗೆ ಹೋದ ಚಿತ್ರದಕ್ಕ, ಒಳಗೆ ನೀಲಿ ಕೋಟು ತೊಟ್ಟು ನಿಂತಿದ್ದವಳನ್ನು ಕಂಡು ಕೈಯಲ್ಲಿದ್ದ ಚೀಲವನ್ನೇ ಬಿಟ್ಟುಬಿಟ್ಟಳು. ಎಂಟು ವರ್ಷ ತನ್ನ ಪಕ್ಕದಲ್ಲಿ ಕೂತು ಕುಂಚ ಹಿಡಿಯಲು ಕಲಿತ ಶಿಷ್ಯೆ! ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವರಲ್ಲಿ ತನ್ನ ನಂತರ ಇವಳೇ ಎಂದು ಚಿತ್ರದಕ್ಕ ಊರೆಲ್ಲ ಹೇಳಿಕೊಂಡು ತಿರುಗಿದ್ದಳು.

"ಏನೇ ಇದು, ನೀನಿಲ್ಲಿ?"

"ಕೆಲಸಕ್ಕೆ ಸೇರ್ಕೊಂಡೆ ಅಕ್ಕ. ಮೂರು ವಾರ ಆಯ್ತು. ಮುಲಾಮು ದೊಡ್ಡದು ಕೊಡ್ಲಾ, ಚಿಕ್ಕದು ಸಾಕಾ?"

"ಮುಲಾಮು ಮನೆ ಹಾಳಾಗ್ಲಿ! ಚಿತ್ರ ಏನಾಯ್ತು?"

"ಬಿಟ್ಟೆ."

ಶಿಷ್ಯೆ ಬಗ್ಗಿ ಕೆಳಗಿನಿಂದ ಒಂದು ಮರದ ಪೆಟ್ಟಿಗೆ ತೆಗೆದಿಟ್ಟಳು. ಚಿತ್ರದಕ್ಕ ಅವಳ ಮದುವೆಗೆ ಕೊಟ್ಟ ಕುಂಚಗಳ ಪೆಟ್ಟಿಗೆ ಅದು. "ನಿಮಗೆ ವಾಪಸ್ ಕೊಡ್ಬೇಕು ಅಂತ ದಿನಾ ತರ್ತಿದ್ದೆ. ನಿಮ್ಮ ಮನೆ ಬಾಗಿಲು ತಟ್ಟೋಕೆ ಮುಖ ಇರ್ಲಿಲ್ಲ."

"ಯಾಕೇ ತಾಯಿ, ಯಾರು ಏನಂದ್ರು?"

"ಪ್ರೆಸ್ಸಿನ ಮಾಲೀಕರ ಹತ್ರ ಚಿತ್ರಕ್ಕೆ ಮುನ್ನೂರು ಕೇಳ್ದೆ. ಮೇಜಿನ ಗಾಜಿನ ಮೇಲೆ ಬೆರಳಿಟ್ಟು, 'ಇದನ್ನ ಓದು, ಆಮೇಲೆ ಬಾಯಿ ತೆಗಿ' ಅಂದ್ರು."

"ಏನಿದೆ ಅಲ್ಲಿ?"

"ನನ್ನ ಬಾಯಿಂದ ಯಾಕೆ? ಪ್ರೆಸ್ಸಿನ ಮೆಟ್ಟಿಲು ಹತ್ತಿ ನೀವೇ ನೋಡಿ."

ಕಾಲುನೋವು ಬಂದಾಗಿನಿಂದ ಚಿತ್ರದಕ್ಕ ಪ್ರೆಸ್ಸಿನ ಮೆಟ್ಟಿಲು ಹತ್ತಿದವಳಲ್ಲ. ಚಿತ್ರಗಳನ್ನು ಕೆಳಗಿನ ಕಿಟಕಿಯಲ್ಲಿ ಕೊಟ್ಟು ಬರುತ್ತಿದ್ದಳು. ಅಂದು ಇಪ್ಪತ್ತೆರಡು ಮೆಟ್ಟಿಲುಗಳನ್ನೂ ಗೋಡೆ ಹಿಡಿದು ಹತ್ತಿದಳು.

"ಓಹೋ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ!" ಎಂದು ಮಾಲೀಕರು ಎದ್ದು ಕುರ್ಚಿ ಎಳೆದರು. ಚಿತ್ರದಕ್ಕ ಕೂರಲಿಲ್ಲ. ಅವಳ ಕಣ್ಣು ಮೇಜಿನ ಗಾಜಿನ ಕೆಳಗೆ ನೆಟ್ಟಿತ್ತು. ಹಸಿರು ಬಳ್ಳಿಯ ಅಂಚು, ಮೂಲೆಗೊಂದು ಗುಬ್ಬಚ್ಚಿ, ನಡುವೆ ಅವಳದೇ ಮುತ್ತಿನಂಥ ಅಕ್ಷರ: "ಚಿತ್ರಕ್ಕೆ ನೂರೈವತ್ತು. ಎಷ್ಟು ಸಲ ತಿದ್ದಿದರೂ ಅಷ್ಟೇ."

ಹನ್ನೆರಡು ವರ್ಷದ ಹಿಂದೆ ನೀರಿನ ಕೊಳವೆ ಒಡೆದು ಪ್ರೆಸ್ಸಿನ ಕಾಗದವೆಲ್ಲ ನೆನೆದುಹೋದಾಗ, ತಲೆಯ ಮೇಲೆ ಕೈಹೊತ್ತು ಕೂತಿದ್ದ ಈ ಮನುಷ್ಯನಿಗೆ ಧೈರ್ಯವಾಗಲೆಂದು ಅವಳು ಬರೆದುಕೊಟ್ಟ ಚೀಟಿ ಅದು. ಗುಬ್ಬಚ್ಚಿಯ ರೆಕ್ಕೆಯ ಗರಿಗಳನ್ನೂ ಎಣಿಸಿ ಬರೆದಿದ್ದವಳು, ಈ ದರ ಎಲ್ಲಿಯವರೆಗೆ ಎಂಬ ಒಂದು ಮಾತನ್ನು ಬರೆದಿರಲಿಲ್ಲ. ಆಮೇಲೆ ಪ್ರೆಸ್ಸಿಗೆ ಹೊಸ ಕಟ್ಟಡ ಬಂತು, ಬಣ್ಣದ ಯಂತ್ರ ಬಂತು. ಇವಳು ಕೇಳಲಿಲ್ಲ. ಕೇಳದಿರುವುದೇ ದೊಡ್ಡಗುಣವೆಂದು ತಿಳಿದಿದ್ದಳು.

"ಇದನ್ನ ಎಷ್ಟು ಜನಕ್ಕೆ ತೋರಿಸಿದ್ದೀರಿ?"

"ಬಂದೋರಿಗೆಲ್ಲ!" ಮಾಲೀಕರು ಹೆಮ್ಮೆಯಿಂದ ನಕ್ಕರು. "ಹದಿನಾಲ್ಕು ಜನ ಇರಬಹುದು. ಅಕ್ಕನೇ ಇಷ್ಟಕ್ಕೆ ಬರೀತಾರೆ, ನೀವೇನು ಅಕ್ಕನಿಗಿಂತ ದೊಡ್ಡವರಾ ಅಂದ್ರೆ ಸಾಕು, ಎಲ್ಲರೂ ತೆಪ್ಪಗಾಗ್ತಾರೆ."

ಹದಿನಾಲ್ಕು ಜನ! ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ತನ್ನನ್ನು ಬೇಲಿ ಎಂದು ತಿಳಿದವಳೂ ತಾನೇ, ಮೇಯ್ದವಳೂ ತಾನೇ. ಚಿತ್ರದಕ್ಕ ಗೋಡೆ ಹಿಡಿದು ಇಳಿದು ಬಂದಳು.

ಮನೆಯ ಮುಂದಿನ ಕೋಣೆಯಲ್ಲಿ ಗಂಡ ಕೊರಳಿಗೆ ಟೇಪು ಹಾಕಿಕೊಂಡು ಅಂಗಿಯ ಬಟ್ಟೆ ಕತ್ತರಿಸುತ್ತಿದ್ದ. ಊರಿಗೆ ಹೆಸರಾದ ದರ್ಜಿ ಅವನು. ನಡೆದದ್ದನ್ನೆಲ್ಲ ಕೇಳಿ ಕತ್ತರಿ ಕೆಳಗಿಟ್ಟ.

"ಅಲ್ವೇ, ನಾನು ಒಂದು ಗುಂಡಿ ಹೊಲಿದ್ರೂ ಕೂಲಿ ತಗೋತೀನಿ. ನೀನು ಮೊನ್ನೆ ಆ ಮೇಕೆ ಕಿವಿ ಎಷ್ಟು ಸಲ ತಿದ್ದಿದೆ?"

"ಆರು ಸಲ, ಅಷ್ಟೇ ರೀ."

"ಅಷ್ಟೇ ಅಂತೆ! ಕಥೆ ಓದಿದ್ದು?"

"ಅರ್ಧ ದಿನ. ಮೇಕೆ ನೋಡೋಕೆ ಹೋಗಿದ್ದು ಅರ್ಧ ದಿನ. ಬರೆದಿದ್ದು ಒಂದು ದಿನ, ತಿದ್ದಿದ್ದು ಒಂದು ದಿನ."

"ಒಂದು ಮೇಕೆಗೆ ಮೂರು ದಿನ. ನಿನ್ನ ಶಿಷ್ಯೆಗೆ ಔಷಧಿ ಅಂಗಡೀಲಿ ದಿನಕ್ಕೆ ಎಷ್ಟು ಕೊಡ್ತಾರೆ?"

"ನಾನೂರಂತೆ."

ದರ್ಜಿ ಬಟ್ಟೆಗೆ ಗುರುತು ಹಾಕುವ ಬಳಪದಿಂದ ಕತ್ತರಿಸುವ ಹಲಗೆಯ ಮೇಲೆ ಬರೆದ: ಸಾವಿರದ ಇನ್ನೂರು. ಅದರ ಕೆಳಗೆ, ನೂರೈವತ್ತು. ಬಣ್ಣ, ಕಾಗದದ ಖರ್ಚನ್ನು ಇನ್ನೂ ಹಿಡಿದೇ ಇರಲಿಲ್ಲ. ಇಬ್ಬರೂ ಆ ಎರಡು ಅಂಕಿಗಳನ್ನು ಹಾವು ಕಂಡವರಂತೆ ನೋಡುತ್ತ ನಿಂತರು.

"ಹಾಗಾದ್ರೆ," ಎಂದ ಅವನು ಕೊನೆಗೆ, "ಹನ್ನೆರಡು ವರ್ಷ ಆ ಪ್ರೆಸ್ಸನ್ನ ಸಾಕಿದ್ದು ನನ್ನ ಹೊಲಿಗೆ ಮೆಷಿನ್ನು!"

ಅವಳಿಗೆ ನಗು ಬರಲಿಲ್ಲ.

ಮರುದಿನ ಬೆಳಿಗ್ಗೆ ಮತ್ತೆ ಇಪ್ಪತ್ತೆರಡು ಮೆಟ್ಟಿಲು. ಮಾಲೀಕರು ನೋಡನೋಡುತ್ತಿದ್ದಂತೆ ಚಿತ್ರದಕ್ಕ ಮೇಜಿನ ಗಾಜನ್ನೆತ್ತಿ ಚೀಟಿಯನ್ನು ಎಳೆದಳು. ಕಾಗದ ಹರಿದು ಬಂತು, ಗುಬ್ಬಚ್ಚಿಗಳೂ ಅಕ್ಷರಗಳೂ ಗಾಜಿಗೆ ಕಚ್ಚಿಕೊಂಡೇ ಉಳಿದವು. ಅವಳು ಚೀಲದಿಂದ ಪೆನ್ಸಿಲು ಹೆರೆಯುವ ಬ್ಲೇಡು ತೆಗೆದು, ನೀರು ಚಿಮುಕಿಸಿ ಹೆರೆಯತೊಡಗಿದಳು.

"ಅಕ್ಕ, ಅಕ್ಕ! ಏನು ಮಾಡ್ತಿದ್ದೀರಿ?"

"ನಾನು ಬರೆದಿದ್ದನ್ನ ನಾನೇ ಕೀಳ್ತಿದ್ದೀನಿ. ಇನ್ಮೇಲೆ ಚಿತ್ರಕ್ಕೆ ಸಾವಿರದ ಇನ್ನೂರು."

ಮಾಲೀಕರು ಕುರ್ಚಿಯಲ್ಲಿ ಕುಸಿದರು. "ಪ್ರೆಸ್ ಮಾರ್ಬೇಕಾಗುತ್ತೆ!"

"ಮಾರಿ. ಆದ್ರೆ ನೀವು ಒಪ್ಕೊಂಡಿರೋ ಕೋತಿ ಪುಸ್ತಕದ ಇಪ್ಪತ್ತು ಚಿತ್ರ ಯಾರ ಕೈಲಿ ಬರೆಸ್ತೀರಿ? ಆ ಹದಿನಾಲ್ಕು ಜನರಲ್ಲಿ ಯಾರಾದ್ರೂ ಈ ಕೆಲಸದಲ್ಲಿ ಉಳಿದಿದ್ದಾರಾ?"

ಮಾಲೀಕರು ಒಬ್ಬೊಬ್ಬರನ್ನೇ ನೆನೆದು ಬೆರಳು ಮಡಿಸಿದರು, ಮತ್ತೆ ಬಿಚ್ಚಿದರು. ಉಳಿದವರು ಯಾರೂ ಇಲ್ಲವೆಂಬುದು ಆಗಲೇ ಅವರಿಗೂ ತಿಳಿದದ್ದು. ಜಗ್ಗಾಡಿ ಜಗ್ಗಾಡಿ ಸಾವಿರಕ್ಕೆ ಬಂದು ನಿಂತರು. ಎರಡು ಸಲ ತಿದ್ದುವುದು ಅದರಲ್ಲೇ, ಮೂರನೆಯದಕ್ಕೆ ಬೇರೆ ಕೂಲಿ. ಅರ್ಧ ಚಿತ್ರಗಳು ಶಿಷ್ಯೆಗೆ, ಅದೇ ದರಕ್ಕೆ.

ಸಹಿ ಹಾಕುತ್ತ ಅವರು ಮೆಲ್ಲಗೆ ಅಂದರು: "ಒಂದು ಮಾತು ಹೇಳ್ಲಾ? ಯಂತ್ರ ಬಂದ ವರ್ಷವೇ ಕೇಳಿದ್ರೆ ಐನೂರು ಕೊಡೋಣ ಅಂತ ಇದ್ದೆ. ನೀವು ಕೇಳ್ಲೇ ಇಲ್ಲ."

ಚಿತ್ರದಕ್ಕನ ಎದೆಗೆ ಯಾರೋ ತಣ್ಣೀರು ಎರಚಿದಂತಾಯಿತು. ಹೊಸ ಚೀಟಿಯ ಕೊನೆಯಲ್ಲಿ, ಬಳ್ಳಿಯಿಲ್ಲದ, ಗುಬ್ಬಚ್ಚಿಯಿಲ್ಲದ ಬರಿಯ ಅಕ್ಷರಗಳಲ್ಲಿ, "ಈ ದರ ಒಂದು ವರ್ಷಕ್ಕೆ ಮಾತ್ರ" ಎಂದು ಬರೆದು ಕೆಳಗೆರಡು ಗೆರೆ ಎಳೆದಳು.

ಔಷಧಿ ಅಂಗಡಿಯಲ್ಲಿ ಶಿಷ್ಯೆ ಆ ಚೀಟಿಯನ್ನು ಓದಿದಳು. ತಿರುಗಿಸಿ ಹಿಂಬದಿ ನೋಡಿದಳು. ಮತ್ತೆ ಓದಿದಳು.

"ಸಾವಿರಾನಾ? ಅಕ್ಕ, ಒಂದು ಸೊನ್ನೆ ಜಾಸ್ತಿ ಬರೆದಿಲ್ಲ ತಾನೇ?"

"ನೀನೇ ಎಣಿಸ್ಕೋ. ಹತ್ತು ಕೋತಿ ನಿಂದು. ಬಾಲ ಸರಿಯಾಗಿ ಬರೀಬೇಕು."

"ಮಧ್ಯಾಹ್ನದವರೆಗೆ ಮಾತ್ರ ಬರ್ತೀನಿ ಅಂತ ಇಲ್ಲಿ ಕೇಳಿ ನೋಡ್ತೀನಿ," ಎಂದವಳೇ ಶಿಷ್ಯೆ ಕುಂಚದ ಪೆಟ್ಟಿಗೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಕೇಳು. ಕೇಳೋದ್ರಲ್ಲಿ ತಪ್ಪಿಲ್ಲ," ಎಂದಳು ಚಿತ್ರದಕ್ಕ, ಮೊಣಕಾಲು ನೀವಿಕೊಳ್ಳುತ್ತ. "ಮುಲಾಮು ಮಾತ್ರ ದೊಡ್ಡದೇ ಕೊಡಮ್ಮ. ಆ ಮೆಟ್ಟಿಲು ಇನ್ನು ವರ್ಷಾ ವರ್ಷಾ ಹತ್ತಬೇಕು."