ಹನುಮಸಾಗರಕ್ಕೆ ಒಂದು ದನಿ ಒಯ್ದದ್ದು

ಕೊಪ್ಪಳದ ಪಕ್ಕದ ಭಾಗ್ಯನಗರದಿಂದ ಬೆಳಿಗ್ಗೆ ಹೊರಟಾಗ ನನ್ನ ಚೀಲದಲ್ಲಿ ಒಂದು ಟವೆಲ್ಲು, ನಾಲ್ಕಾರು ಬಾಳೆಹಣ್ಣು ಇದ್ದವು. ಗಂಟಲಲ್ಲಿ ಇನ್ನೊಬ್ಬರ ದನಿ ಇತ್ತು. ಅದನ್ನು ಅದರ ಒಡೆಯರಿಗೇ ಕೇಳಿಸಬೇಕಿತ್ತು.

ಒಡೆಯರು ಯಮನೂರಪ್ಪ ಕಾಕಾ. ಅಮೆರಿಕದ ಕಪ್ಪು ಜನರ ಫಂಕ್, ಸೋಲ್ ಹಾಡಿಕೆಯನ್ನು ಹೊಸಪೇಟೆಯಲ್ಲಿ ಸಿಕ್ಕ ಕ್ಯಾಸೆಟ್ಟುಗಳಿಂದ ಕಲಿತವರು. ಕೊಪ್ಪಳ ಜಿಲ್ಲೆಯಾದ ವರ್ಷ ಗಂಗಾವತಿಯ ಆರ್ಕೆಸ್ಟ್ರಾ ಒಂದರಲ್ಲಿ ಬೇಸ್ ಗಿಟಾರ್ ಹಿಡಿದು ಕನ್ನಡದಲ್ಲಿ ಹಾಗೆ ಹಾಡಿದರು. ನಮ್ಮ ಕಡೆ ಅವರೇ ಮೊದಲು. ನಮ್ಮೂರ ಮದುವೆ ಬ್ಯಾಂಡಿನವರು ಇವತ್ತಿಗೂ ಮೊದಲ ಪೆಟ್ಟು ಗುದ್ದಿ, ತುಸು ತಡೆದು, ಮುದುಕರ ಸೊಂಟವನ್ನೂ ಕುಣಿಸುತ್ತಾರಲ್ಲ, ಅದು ಅವರಿಂದ ಬಂದದ್ದು. ನಾನು ಅದೇ ಆರ್ಕೆಸ್ಟ್ರಾದ ಮಿಮಿಕ್ರಿಯವನು. ಊರವರೆಲ್ಲರ ದನಿ ತೆಗೆದು ತೆಗೆದು ನನ್ನ ಸ್ವಂತ ದನಿ ಯಾವುದೆಂದು ನಮ್ಮವ್ವನೂ ಮರೆತಿದ್ದಾಳೆ.

ಹೋದ ವರ್ಷ ಕ್ಯಾನ್ಸರ್ ಆಗಿ ಕಾಕಾನ ಧ್ವನಿಪೆಟ್ಟಿಗೆ ತೆಗೆದರು. ಅವರು ಹಾಡಿದ್ದ ಒಂದೇ ಕ್ಯಾಸೆಟ್ಟೂ ಬೂಸಲು ಹಿಡಿದು ಹೋಗಿತ್ತು. "ಒಮ್ಮೆ ತಮ್ಮ ದನಿ ಕೇಳಬೇಕಂತ ಬರದು ತೋರಸ್ಯಾರ. ನೀ ಅವರ ದನಿ ತಗೀತಿಯಲ್ಲ, ಬಾರೋ ತಮ್ಮಾ" ಎಂದು ಅವರ ಹೆಂಡತಿ ಶಾಂತವ್ವ ಚಿಗವ್ವ ಫೋನು ಮಾಡಿದ್ದಳು.

ಯಲಬುರ್ಗಾದ ಬಸ್ಸಿನಲ್ಲಿ ಕಂಡಕ್ಟರನ ದನಿಯಲ್ಲೇ "ಮುಂದ ಸರೀರಿ, ಮುಂದ ಖಾಲಿ ಐತಿ" ಎಂದೆ. ನಿಂತವರೆಲ್ಲ ಸರಿದರು.

"ಚೀಲಾನೂ ನೀನs ತಗೋ ಮಾರಾಯಾ, ನಾ ಮನಿಗೆ ಹೋಗ್ತೀನಿ" ಎಂದ ಕಂಡಕ್ಟರ್.

ಯಲಬುರ್ಗಾದಲ್ಲಿ ಮಂಡಕ್ಕಿ ಒಗ್ಗರಣೆ ತಿಂದೆ. ಗಂಟಲು ಕೆಡಬಾರದೆಂದು ಜೊತೆಗಿನ ಮಿರ್ಚಿ ಭಜಿ ಮುಟ್ಟಲಿಲ್ಲ. ನನ್ನ ಹೊಟ್ಟೆ ಬಲ್ಲವರು ಇದನ್ನು ನಂಬುವುದಿಲ್ಲ. ಕುಷ್ಟಗಿಯಲ್ಲಿ ಬಸ್ಸು ಬದಲಿಸಿ ಹನುಮಸಾಗರ ಮುಟ್ಟಿದಾಗ ಬಿಸಿಲು ನೆತ್ತಿಯ ಮೇಲಿತ್ತು.

ಕಾಕಾ ಮನೆ ಮುಂದಿನ ಕಟ್ಟೆಯ ಮೇಲೆ ಹಗ್ಗದ ಹೊರಸು ಹಾಕಿಕೊಂಡು ಕೂತಿದ್ದರು. ಕುತ್ತಿಗೆಯ ತೂತಿನ ಮೇಲೆ ಬಿಳಿ ಅರಿವೆ. ನಾನು ಹಾಡಿದೆ. ವೇದಿಕೆಯಲ್ಲಿ ಸೀಟಿ ಬೀಳಿಸುತ್ತಿದ್ದ ಅದೇ ಕೂಗು, ಅದೇ ಒಡಕು. ಅವರು ತಲೆ ಅಲ್ಲಾಡಿಸಿದರು. ಅಲ್ಲ. ಹೊರಸಿನ ಕಾಲಿಗೆ ಬೆರಳು ಬಡಿದು ತಾಳ ಕೊಟ್ಟರು. ಮತ್ತೆ ಹಾಡಿದೆ. ಅಲ್ಲ. ಆಗ ನನಗೇ ತಿಳಿಯಿತು: ಜನ ನಗುವಷ್ಟನ್ನು ಮಾತ್ರ ನಾನು ಅವರಿಂದ ಎತ್ತಿಕೊಂಡಿದ್ದೆ. ಉಳಿದದ್ದು ನನ್ನ ಬಳಿ ಇರಲೇ ಇಲ್ಲ.

"ಹಾಡು ಬಿಡು" ಎಂದಳು ಬಾಗಿಲಲ್ಲಿ ನಿಂತಿದ್ದ ಚಿಗವ್ವ. "ಚಾ ಬೇಡ್ತಿದ್ರಲ್ಲ, ಅದನ್ನರ ಅನ್ನು."

"ಹೆಂಗ ಬೇಡ್ತಿದ್ರು?"

"ಅಷ್ಟೂ ಗೊತ್ತಿಲ್ಲ, ಭಾರೀ ಮಿಮಿಕ್ರಿ ಮಾಡ್ತಾನಂತ!" ಎಂದವಳು ಗದ್ದವನ್ನು ಎದೆಗೆ ತಂದು, "ಏ ಇಕೀನs, ಚಾ ಕುದಸ್ತಿಯೋ, ನನ್ನ ಕುದಸ್ತಿಯೋ?" ಎಂದಳು.

ಅವಳ ಗಂಟಲಿಂದ ಬಂದವರು ಯಮನೂರಪ್ಪ ಕಾಕಾ. ಆಳದಿಂದ ಎದ್ದು, ಗದರಿಸಿದಂತೆ ಮಾಡಿ, ಕೊನೆಗೆ ತುಸು ಬೇಡಿಕೊಳ್ಳುವ ದನಿ. ಕಾಕಾನ ಭುಜಗಳು ಕುಣಿದವು. ನಕ್ಕರು, ಸದ್ದಿರಲಿಲ್ಲ. ಕಣ್ಣು ತುಂಬಿಕೊಂಡು ಬೆರಳೆತ್ತಿದರು: ಇನ್ನೊಮ್ಮೆ.

"ಸಾಕ್ರಿ, ಹುಡುಗನ ಮುಂದ" ಎಂದಳು ಚಿಗವ್ವ.

ಸಂಜೆಯ ಬಸ್ಸಿಗೆ ಹೊರಟೆ. ಓಣಿಯ ತಿರುವಿನಲ್ಲಿದ್ದಾಗ ಹಿಂದಿನಿಂದ ಗಂಡಸಿನ ದನಿಯೊಂದು ಚಹಾ ಬೇಡಿತು. ತಿರುಗಿ ನೋಡಿದೆ. ಕಾಕಾ ಬಾಯಿ ಮುಚ್ಚಿ, ತಲೆ ತಗ್ಗಿಸಿ ಕೇಳುತ್ತಿದ್ದರು. ಚಿಗವ್ವ ಅವರ ಬೆನ್ನ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದ್ದಳು.