ಹಲಸಿನ ಮರದ ಸೀತಾಳೆ ದಂಡೆ

ಗಾಳಿಗೆ ಮುರಿದು ಮೆಣಸೆ ಊರಿಗೆ ಹೋಗುವ ರಸ್ತೆಗೆ ಬಿದ್ದಿದ್ದ ಕೊಂಬೆಯಲ್ಲಿ ಸೀತಾಳೆ ಗಿಡವೊಂದು ಅಂಟಿಕೊಂಡಿತ್ತು. ಕಾಡಿನ ನೆರಳಿನಲ್ಲಿ ಮರದ ತೊಗಟೆ ಹಿಡಿದು ಬದುಕುವ ಆ ಗಿಡವನ್ನು ಮನೆಗೆ ತಂದೆ. ಮರುದಿನ ನೋಡಿದರೆ ಅತ್ತೆ ಅದನ್ನು ಕುಂಡದಲ್ಲಿ ನೆಟ್ಟು, ಕಂಠಮಟ್ಟ ಕೊಟ್ಟಿಗೆ ಗೊಬ್ಬರ ತುಂಬಿದ್ದರು. ನಮ್ಮ ಮನೆಯಲ್ಲಿ ಹಸಿರಾಗಿ ಕಂಡದ್ದಕ್ಕೆಲ್ಲ ಗೊಬ್ಬರ ಬೀಳಲೇಬೇಕು. ವಾರದೊಳಗೆ ಎಲೆ ಹಳದಿಯಾಯಿತು.

ನನಗೆ ಸಿಟ್ಟು ನೆತ್ತಿಗೇರಿತು. ಗಿಡ ಕಿತ್ತು, ಬೇರು ತೊಳೆದು, ಮನೆಯೆದುರಿನ ದಿಬ್ಬದ ಮೇಲಿನ ಹಲಸಿನ ಮರಕ್ಕೆ ಬಾಳೆನಾರಿನಿಂದ ಕಟ್ಟಿದೆ.

"ಮಣ್ಣೂ ಇಲ್ಲ, ಗೊಬ್ಬರನೂ ಇಲ್ಲ. ಹೊಟ್ಟೆಗಿಲ್ದೆ ಸಾಯ್ತದೆ ಅದು, ಮಾರಾಯ್ತಿ!" ಎಂದರು ಅತ್ತೆ.

"ಸತ್ರೆ ಸಾಯ್ಲಿ. ನೀವು ಮಾತ್ರ ಮುಟ್ಬೇಡಿ" ಎಂದೆ.

ಆಮೇಲೂ ಅವರು ಸಗಣಿ ನೀರಿನ ಚೊಂಬು ಹಿಡಿದು ಮರದ ಬಳಿ ಹೋಗುತ್ತಿದ್ದರು. ನನ್ನ ಮುಖ ಕಂಡೊಡನೆ ಗೊಣಗುತ್ತ ಅದನ್ನು ಬಸಳೆಯ ಬುಡಕ್ಕೆ ಸುರಿಯುತ್ತಿದ್ದರು.

ಎರಡು ವರ್ಷ ಎಲೆ ಬಿಟ್ಟರೆ ಬೇರೇನೂ ಬರಲಿಲ್ಲ. ಮೂರನೆಯ ಬೇಸಿಗೆಯ ಕೊನೆಗೆ ಮೊಳದುದ್ದದ ತಿಳಿನೇರಳೆ ಹೂದಂಡೆ ಇಳಿಬಿದ್ದಿತು! ಆಗ ನಮ್ಮೂರಿಗೆ ಮೊಬೈಲ್ ಬಂದ ಹೊಸತು. ಸಿಗ್ನಲ್ ಸಿಗುತ್ತಿದ್ದುದು ಆ ದಿಬ್ಬದ ಮೇಲೆ ಮಾತ್ರ. ಫೋನ್ ಮಾಡಲು ಬಂದವರೆಲ್ಲ ಮಾತು ಮರೆತು ಹೂ ನೋಡುತ್ತ ನಿಂತರು. ನಾನು ಜಗಲಿಯಲ್ಲಿ ನಿಂತು ಬೀಗಿದೆ.

"ಕಾಡಿನ ಹೂ ಮನೆ ಹತ್ರ ಹೆಂಗೆ ಬಂತು?" ಎಂದು ಪಕ್ಕದ ಮನೆಯಾಕೆ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು: "ಸುಲಭ ಅಲ್ಲ ಮಾರಾಯ್ತಿ. ಮೂರು ವರ್ಷ ನಾನು ಕೈಕಟ್ಟಿ ಕೂತಿದ್ದೆ!"