ರೊಟ್ಟಿಯ ಪಕ್ಕದ ಕರಿ ಚಹಾ

ಕಳೆದ ವಾರ ನಮ್ಮ ಅಕ್ಕನ ಮಗ ಬಸು ಹೆಂಡತಿ ಮಗಳ ಜೊತೆ ನಮ್ಮಲ್ಲಿಗೆ ಬಂದಿದ್ದ. ಮಧ್ಯಾಹ್ನ ಊಟಕ್ಕೆ ಕೂತಾಗ ಅವನ ಏಳು ವರ್ಷದ ಮಗಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ತಟ್ಟೆಯ ಬಲಗಡೆಯ ಖಾಲಿ ಜಾಗ ನೋಡಿ, "ಸಣ್ಣಜ್ಜಿ, ಚಾ ಎಲ್ಲಿ?" ಎಂದಳು. ಎಣಗಾಯಿ ಪಲ್ಯದ ಮುಂದೆ ಕೂತು ಯಾರಾದರೂ ಚಹಾ ಕೇಳುತ್ತಾರೆಯೇ? ಅವಳ ತಾಯಿ ನಾಚಿಕೊಂಡು, ಅಪ್ಪನನ್ನು ನೋಡಿ ಕಲಿತ ಚಟ, ಇವರ ಮನೆಯವರೆಲ್ಲ ಹೀಗೇ ಎಂದಳು. ನಾನು ಒಳಗೆ ಹೋಗಿ ನೀರು ಕುದಿಯಲಿಟ್ಟೆ. ಪುಡಿ ಹಾಕಿ, ಹಾಲಿನ ಪಾತ್ರೆ ಮುಟ್ಟದೆ, ಆ ಒಗರು ವಾಸನೆ ಏಳುವ ತನಕ ಒಲೆಯ ಮುಂದೆ ನಿಂತೇ ಇದ್ದೆ.

ಈ ಚಟ ಎಲ್ಲಿಂದ ಬಂತೆಂದು ನಿಮಗೆ ಹೇಳಬೇಕು. ಆದರೆ ನನ್ನನ್ನು ಪೂರ್ತಿ ನಂಬಬೇಡಿ. ಕಾಲೇಜಿನ ದಿನಗಳಿಂದ ದಿನಚರಿ ಬರೆಯುತ್ತಿದ್ದೇನೆ. ಅದರಿಂದ ನಾನು ಕಲಿತದ್ದು ಒಂದೇ: ನೆನಪು ನನಗೆ ಬೇಕಾದಂತೆ ಕತೆ ಕಟ್ಟುತ್ತದೆ, ಮುಖ್ಯವಾದ ದಿನಗಳಂದು ದಿನಚರಿ ಬರೀ ಸೆಕೆಯ ಬಗ್ಗೆ ಮಾತಾಡುತ್ತದೆ.

ಅಕ್ಕನನ್ನು ಕೊಟ್ಟದ್ದು ಇಳಕಲ್ಲಿಗೆ, ನಮ್ಮ ಸೋದರಮಾವನಿಗೇ. ಹಾಗಾಗಿ ನಮ್ಮ ಅವ್ವನ ತಾಯಿ, ನಾವು ಆಯಿ ಎಂದು ಕರೆಯುವವಳು, ಅಕ್ಕನಿಗೆ ಅಜ್ಜಿಯೂ ಹೌದು, ಅತ್ತೆಯೂ ಹೌದು. ಬೈಯುವುದಿದ್ದರೆ ಅತ್ತೆಯಾಗಿ ಬೈದು, ಸಮಾಧಾನಕ್ಕೆ ಅಜ್ಜಿಯಾಗಿ ಬರುತ್ತಿದ್ದಳು. ಎಂಬತ್ತರ ದಶಕದ ಮೊದಲಿಗೆ ನೀಲಾ ಹುಟ್ಟಿದಳು. ಆರು ತಿಂಗಳಾಗುವಷ್ಟರಲ್ಲಿ ಸುಣ್ಣ ಬಳಿದಂತೆ ಬೆಳ್ಳಗಾದಳು. ರಕ್ತ ಕಡಿಮೆಯೆಂದು ತಿಳಿದ ಆಯಿ ತನಗೆ ಗೊತ್ತಿದ್ದ ಉಪಾಯಗಳನ್ನೆಲ್ಲ ಹೂಡಿದಳು. ಬೆಲ್ಲದ ನೀರು, ಅಳವಿ ಬೀಜದ ಪಾಯಸ, ಕಬ್ಬಿಣದ ಬಾಣಲೆಯಲ್ಲಿ ಕುದಿಸಿದ ನುಗ್ಗೆ ಸೊಪ್ಪಿನ ಕಟ್ಟು. ಓಣಿಯ ಹೆಂಗಸರೂ ತಮ್ಮ ತಮ್ಮ ಬಟ್ಟಲು ತಂದರು. ಆ ಕೂಸಿನಷ್ಟು ಪ್ರೀತಿ ತಿಂದ ಕೂಸು ಇಳಕಲ್ಲಿನಲ್ಲಿ ಇನ್ನೊಂದಿರಲಿಲ್ಲ.

ಕೊನೆಗೆ ಮಿರಜಿನ ದೊಡ್ಡ ಡಾಕ್ಟರು ರೋಗದ ಹೆಸರು ಹೇಳಿದರು: ಥಲಸ್ಸೇಮಿಯಾ. ಮೈ ತನಗೆ ಬೇಕಾದ ರಕ್ತವನ್ನು ಕಟ್ಟಿಕೊಳ್ಳಲಾರದು, ತಿಂಗಳಿಗೊಮ್ಮೆ ಬೇರೆಯವರ ರಕ್ತ ಕೊಡಬೇಕು. ಹಾಗೆ ಬಂದ ರಕ್ತದ ಕಬ್ಬಿಣ ಹೊರಹೋಗಲಾರದೆ ಒಳಗೇ ಕೂತು ವಿಷವಾಗುತ್ತದೆ. ಆದ್ದರಿಂದ ಬೆಲ್ಲ, ಅಳವಿ, ಟಾನಿಕ್ಕು ಎಲ್ಲ ಬಂದ್. ಊಟದಲ್ಲಿರುವ ಕಬ್ಬಿಣ ಮೈಗೆ ಹತ್ತುವುದನ್ನು ಚಹಾ ಸ್ವಲ್ಪ ತಡೆಯುತ್ತದೆ, ದೊಡ್ಡವಳಾದ ಮೇಲೆ ಊಟದ ಜೊತೆ ಹಾಲಿಲ್ಲದ ಚಹಾ ಕೊಡಿ ಎಂದರು. ಆಯಿ ಮನೆಗೆ ಬಂದವಳೇ ಬಾಣಲೆಯನ್ನು ಅಟ್ಟಕ್ಕೆ ಹಾಕಿದಳು. ಬಾಣಲೆಯ ಹಿಂದೆ ರೊಟ್ಟಿಯ ಹಂಚೂ ಹೋಯಿತು, ಮಣ್ಣಿನ ಹಂಚು ಬಂತು.

ಅದೇ ಡಾಕ್ಟರು ಕಾಗದದ ಮೇಲೆ ಗುಂಡು, ಚೌಕ ಬರೆದು ನಮ್ಮ ವಂಶ ಕೇಳಿದ್ದರು. ತಂದೆಯ ತಾಯಿ ಯಾರು? ಆಯಿ. ತಾಯಿಯ ಅಜ್ಜಿ ಯಾರು? ಆಯಿ. ಗೆರೆಗಳು ಊರೆಲ್ಲ ತಿರುಗಿ ಅದೇ ಗುಂಡಿಗೆ ಬಂದು ಸೇರುತ್ತಿದ್ದವು. ಆಯಿ ಅಭಿಮಾನದಿಂದ, "ನಮ್ಮ ಮನ್ಯಾಗ ಹೊರಗಿನ ರಕ್ತ ಇಲ್ರೀ ಸಾಹೇಬ್ರ" ಎಂದಳು. ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲೆ ಎಲ್ಲರ ರಕ್ತ ನೋಡಿದರು. ಅವ್ವ, ಮಾಮಾ, ಅಕ್ಕ, ನಾನು ಎಲ್ಲರೂ ರೋಗವಿಲ್ಲದೆ ರೋಗವನ್ನು ಹೊತ್ತವರು. ಆಯಿಯದು ಮಾತ್ರ ಚೊಕ್ಕ. ಅಂದರೆ ಅದು ಆಯಿಯ ಗಂಡ, ತೀರಿಹೋದ ನಮ್ಮ ಮುತ್ಯಾನಿಂದ ಬಂದದ್ದು. ಆಯಿ ತಿಂಗಳುಗಟ್ಟಲೆ ಮುತ್ಯಾನ ಫೋಟೋಕ್ಕೆ ಹೂ ಏರಿಸುತ್ತಲೇ ಅವನನ್ನು ಬೈದಳು.

ನೀಲಾ ಬದುಕಿದ್ದು ಹೊರಗಿನ ರಕ್ತದ ಮೇಲೆಯೇ. ಬಾಗಲಕೋಟೆಯ ದವಾಖಾನೆಗೆ ಹೋಗುವಾಗ ಪಕ್ಕದ ಮನೆಯ ಮಹಬೂಬ್ ಕಾಕಾ ಮೂರು ತಿಂಗಳಿಗೊಮ್ಮೆ ರಕ್ತ ಕೊಡಲು ಜೊತೆಗೆ ಬರುತ್ತಿದ್ದ. ನೂಲಿಗೆ ಬಣ್ಣ ಹಾಕುವ ಆತನ ಕೈ ಒಮ್ಮೆ ಕೆಂಪು, ಒಮ್ಮೆ ಹಸಿರು. ಅವನ ರಕ್ತವೂ ಹಸಿರಿದ್ದರೆ ತನ್ನ ಗತಿಯೇನು ಎಂದು ನೀಲಾ ಕೇಳುತ್ತಿದ್ದಳು. ಹೋಗುವಾಗ ಮೂಲೆಯಲ್ಲಿ ಒರಗಿ ಕೂರುವ ಹುಡುಗಿ ಬರುವಾಗ ಬಸ್ಸಿನ ಕಂಡಕ್ಟರನಿಗೂ ಹುಕುಂ ಮಾಡುತ್ತಿದ್ದಳು. "ನಂದ ರಕ್ತ, ಅದಕ್ಕ ಇಷ್ಟು ಜೋರು" ಎಂದು ಕಾಕಾ ಮೀಸೆ ತಿರುವುತ್ತಿದ್ದ. ಊಟದ ಹೊತ್ತಿಗೆ ಒಬ್ಬಳೇ ಕಹಿ ಚಹಾ ಕುಡಿಯಲಾರೆನೆಂದು ಅವಳು ಹಟ ಹಿಡಿದಾಗ, ಮಾಮಾ ತನಗೂ ಒಂದು ಕಪ್ಪು ಹಾಕಿಸಿಕೊಂಡ. ಆಮೇಲೆ ಅಕ್ಕ, ಆಯಿ, ರಜೆಗೆ ಹೋದಾಗ ನಾನು. ಆ ಮನೆಯಲ್ಲಿ ಪ್ರತಿ ತಟ್ಟೆಯ ಬಲಕ್ಕೂ ಒಂದು ಕಪ್ಪು ಬಂತು.

ಆ ದಶಕದ ಕೊನೆಯಲ್ಲಿ ಅಕ್ಕ ಮತ್ತೆ ಬಸುರಿಯಾದಳು. ಮುಂಬಯಿಯಲ್ಲಿ ಹೊಟ್ಟೆಯೊಳಗಿನ ಕೂಸಿನ ರಕ್ತವನ್ನೇ ಸೂಜಿಯಿಂದ ತೆಗೆದು ನೋಡುತ್ತಾರೆ, ರೋಗವಿದ್ದರೆ ಬಸಿರನ್ನು ಉಳಿಸಿಕೊಳ್ಳಬೇಕೋ ಬೇಡವೋ ನೀವೇ ನಿರ್ಧರಿಸಬಹುದು ಎಂದು ಮಿರಜಿನ ಡಾಕ್ಟರು ಹೇಳಿ ಕಳಿಸಿದರು. ಐದನೇ ತಿಂಗಳು ದಾಟುವುದರೊಳಗೆ ಹೋಗಬೇಕಿತ್ತು. ಆಯಿ ಒಪ್ಪಲಿಲ್ಲ.

"ನಾಕು ಕೂಸಿನಾಗ ಒಂದಕ್ಕ ಈ ರೋಗ ಅಂತ ಡಾಕ್ಟರ ಅಂದಾರ. ಆ ಒಂದು ಬಂದ ಹೋತಲ್ಲ? ಇನ್ನ ಮೂರು ಛಲೋ ಅದಾವ. ಮತ್ತ ಮುಂಬೈ ಯಾಕ?"

ನಾನಾಗ ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿದ್ದೆ. ಆಯಿಯನ್ನು ಕೂರಿಸಿಕೊಂಡು ಉದ್ದ ಗಿಡ್ಡ ಬಟಾಣಿ ಗಿಡಗಳ ಲೆಕ್ಕವನ್ನು ಪರೀಕ್ಷೆಯಲ್ಲಿ ಬರೆದಂತೆಯೇ ಒಪ್ಪಿಸಿದೆ. ಆಯಿ ಕೊನೆತನಕ ಕೇಳಿ, "ಇಷ್ಟು ಸಾಲಿ ಕಲ್ತು ಬಟಾಣಿ ಹೇಳ್ತಿ. ನಮ್ಮ ಹುಡುಗಿ ಬಟಾಣಿ ಏನವಾ?" ಎಂದಳು.

ಅಕ್ಕ ಎದ್ದು ಆಯಿಯ ಚೌಕಾಬಾರದ ಚೀಲದಿಂದ ಎರಡು ಕವಡೆ ತಂದಳು. ಒಂದು ಮಾಮಾನದು, ಒಂದು ತನ್ನದು. ಎರಡೂ ಬೋರಲು ಬಿದ್ದರೆ ನೀಲಾಳಂಥ ಕೂಸು. ಒಂದೇ ಬೋರಲಾದರೆ ನಮ್ಮಂಥದು. ಎರಡೂ ಅಂಗಾತವಾದರೆ ಏನೂ ಇಲ್ಲದ್ದು. ಹೀಗೆ ಹೇಳಿ ಹಾಕಿದಳು. ಎರಡೂ ಬೋರಲು.

"ನೀಲಾ ಬಂದ್ಲು," ಎಂದಳು ಅಕ್ಕ. "ಈಗ ಎರಡನೇದ್ದು ಹಾಕ್ತೇನಿ. ಹಿಂದ ಹೆಂಗ ಬಿದ್ದಿದ್ವಿ ಅಂತ ಇವಕ್ಕ ನೆನಪಿರ್ತೈತೇನ, ಆಯಿ?"

ಓಣಿಯಲ್ಲಿ ಚೌಕಾಬಾರದಲ್ಲಿ ಸೋಲದವಳು ಆಯಿ. ಕವಡೆಗಳನ್ನು ತಾನೇ ಎತ್ತಿ ಅಕ್ಕನ ಕೈಗೆ ಹಾಕಿದಳು. ಎರಡನೇ ಸಲವೂ ಎರಡೂ ಬೋರಲು ಬಿದ್ದವು ಎಂದು ನನ್ನ ನೆನಪು. ಅಕ್ಕ ಇಲ್ಲವೆನ್ನುತ್ತಾಳೆ. ಒಂದು ಕವಡೆ ಉರುಳಿ ಮನೆಯೊಳಗೇ ಇದ್ದ ಸೀರೆ ನೇಯುವ ಮಗ್ಗದ ಗುಂಡಿಯೊಳಗೆ ಬಿತ್ತಂತೆ, ಕತ್ತಲಲ್ಲಿ ಅದು ಹೇಗೆ ಬಿದ್ದಿದೆಯೆಂದು ಮೇಲಿನಿಂದ ಯಾರಿಗೂ ಕಾಣಲಿಲ್ಲವಂತೆ, ಆಯಿ ಬಹಳ ಹೊತ್ತು ಗುಂಡಿಯನ್ನೇ ನೋಡುತ್ತ ಕೂತಿದ್ದಳಂತೆ. ದಿನಚರಿಯಲ್ಲಿ ಇರುವುದು ಇಷ್ಟೇ: ಮಧ್ಯಾಹ್ನ ಕವಡೆ ಆಡಿದೆವು, ವಿಪರೀತ ಸೆಕೆ. ಈಗೀಗ ನನಗೆ ಅಕ್ಕನ ಮಾತೇ ನಿಜವಿರಬೇಕೆನಿಸುತ್ತದೆ. ನನ್ನದು ತೀರಾ ಅಚ್ಚುಕಟ್ಟಾಗಿದೆ.

ಆದರೆ ಆಮೇಲಿನ ಮಾತಿನಲ್ಲಿ ನಮ್ಮಿಬ್ಬರಿಗೂ ಭೇದವಿಲ್ಲ. ಆಯಿ ವಾದ ಬಿಟ್ಟ ಮೇಲೆ ಅಳತೊಡಗಿದವಳು ಅಕ್ಕ.

"ನಾನೂ ಹೋಗಾಕ ಅಂಜಾಕತ್ತೇನಿ, ಆಯಿ. ಹಂಗ ನೋಡಿಸೂದಂದ್ರ ನೀಲಾನ್ನ ಬ್ಯಾಡ ಅಂದಂಗ ಅಲ್ಲೇನ?"

ನೀಲಾ ಕಟ್ಟೆಯ ಮೇಲೆ ಕಾಕಾನ ಮೊಮ್ಮಗಳ ಜೊತೆ ಜಗಳವಾಡುತ್ತಿದ್ದದ್ದು ಒಳಗೆ ಕೇಳುತ್ತಿತ್ತು. ಆಯಿ ಅಕ್ಕನ ತಲೆಯ ಮೇಲೆ ಕೈಯಿಟ್ಟಳು. ಅತ್ತೆಯಾಗಿಯೋ ಅಜ್ಜಿಯಾಗಿಯೋ ತಿಳಿಯದು.

"ನೀಲಾ ಬೇಕವ್ವಾ. ಆಕಿ ಕೈಗೆ ಚುಚ್ಚೂ ಆ ಸೂಜಿ ಬ್ಯಾಡ. ಎರಡೂ ಒಂದ ಹೆಂಗಾದಾವು? ಹೋಗಿ ಬರ್ರಿ. ಏನರ ಬರ್ಲಿ, ಕೂಡಿ ವಿಚಾರ ಮಾಡೂಣು."

ಅಕ್ಕ, ಮಾಮಾ ಬಾಗಲಕೋಟೆಯಿಂದ ಸೊಲ್ಲಾಪುರದ ಗಾಡಿ ಹಿಡಿದು, ಅಲ್ಲಿಂದ ಮುಂಬಯಿಗೆ ಹೋದರು. ನಾನು ನೀಲಾಳನ್ನು ನೋಡಿಕೊಳ್ಳಲು ಇಳಕಲ್ಲಿನಲ್ಲಿ ಉಳಿದೆ. ಆ ದಿನಗಳಲ್ಲಿ ಆಯಿ ಕವಡೆ ಚೀಲ ಮುಟ್ಟಲಿಲ್ಲ, ಮುತ್ಯಾನನ್ನೂ ಬೈಯಲಿಲ್ಲ. ಫೋನು ಇದ್ದದ್ದು ಪೇಟೆಯ ಸೀರೆ ಅಂಗಡಿಯಲ್ಲಿ. ಅಲ್ಲಿಂದ ಕರೆ ಬಂದಾಗ ನಾನು ಓಡಿದೆ. ಗರಗರ ಸದ್ದಿನ ನಡುವೆ ಅಕ್ಕನ ಧ್ವನಿ.

"ಆಯಿಗೆ ಹೇಳು. ಒಂದು ಅಂಗಾತ, ಒಂದು ಬೋರಲ."

ಹಾಗೆ ನಮ್ಮಂಥವನೇ ಆಗಿ ಹುಟ್ಟಿದವನು ಬಸು. ಅವನು ಮೂರು ವರ್ಷದವನಿದ್ದಾಗ ನೀಲಾ ಹೋದಳು. ಆ ದಿನದ ಬಗ್ಗೆ ಬರೆಯಲಾರೆ. ಆಯಿ ಮಾತ್ರ ಆಮೇಲೆ ನಮ್ಮ ಬಳಗದಲ್ಲಿ ಎಲ್ಲಿ ಮದುವೆಯ ಮಾತು ನಡೆದರೂ ಮನೆತನ ಕೇಳುವ ಮೊದಲು, "ರಕ್ತಾ ತೋರಿಸ್ಯಾರೇನು?" ಎಂದು ಕೇಳುವವಳಾದಳು. ನನ್ನನ್ನು ನೋಡಲು ಬಂದ ಹುಡುಗ ಅವಲಕ್ಕಿಯ ತಟ್ಟೆ ಹಿಡಿದುಕೊಂಡೇ ಆ ಪ್ರಶ್ನೆಗೆ ಉತ್ತರ ಕೊಡಬೇಕಾಯಿತು. ಹೆದರಿ ಓಡಿಹೋಗಲಿಲ್ಲ, ಪರೀಕ್ಷೆ ಮಾಡಿಸಿಕೊಂಡು ಬಂದರು. ಅವರೇ ನನ್ನ ಯಜಮಾನರು. ಬಸುವಿನ ಹೆಂಡತಿಯ ರಕ್ತವನ್ನೂ ಮದುವೆಗೆ ಮೊದಲೇ ನೋಡಿದ್ದಾಯಿತು. ಇವರ ಮಗಳ ಮೈಗೆ ಚಹಾದ ಯಾವ ಅಗತ್ಯವೂ ಇಲ್ಲ.

ಚಹಾ ಸೋಸಿ ಅವಳ ತಟ್ಟೆಯ ಬಲಕ್ಕಿಟ್ಟೆ. ಬಸುವಿಗೂ ಇಟ್ಟೆ. ವರ್ಷಗಳ ಮೇಲೆ ನನಗೂ ಒಂದು ಕಪ್ಪು ಹಾಕಿಕೊಂಡು ರೊಟ್ಟಿಯ ಮುಂದೆ ಕೂತೆ. ಹುಡುಗಿ ಒಂದು ಗುಟುಕು ಕುಡಿದು ಮುಖ ಕಿವುಚಿ, ಭಾಳ ಕಡಕ್ ಆಗಿದೆ ಎಂದಳು.

"ನಿಮ್ಮತ್ತಿ ಹಿಂಗ ಕುಡೀತಿದ್ಲವಾ," ಎಂದೆ.

"ಯಾವ ಅತ್ತಿ?"

ಬಸುವಿಗೆ ನೀಲಾಳ ಮುಖವೂ ನೆನಪಿಲ್ಲ. ಅವನ ಕೈಯ ತುತ್ತು ಅಲ್ಲೇ ನಿಂತಿತು, ನನ್ನನ್ನೇ ನೋಡುತ್ತಿದ್ದ. ರೊಟ್ಟಿ ಆರಿದರೆ ಆರಲಿ ಎಂದು, ಹಸಿರು ರಕ್ತದ ಕಾಕಾನಿಂದ ಶುರು ಮಾಡಿದೆ.